ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿ ಮೂರು ವರ್ಷ: ಪೆಟ್ರೋಲ್ ಉಳಿಯಿತೇ?

ನನ್ನದು ಕಾರ್ಬುರೇಟರ್ ಇರುವ, ನಾಲ್ಕು ಸಿಲಿಂಡರಿನ ಹಳೆಯ ಪೆಟ್ರೋಲ್ ಕಾರು. ಮೂರು ವರ್ಷದ ಹಿಂದೆ ಅದರ ಡಿಸ್ಟ್ರಿಬ್ಯೂಟರಿನಿಂದ (ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ) ಪಾಯಿಂಟ್ (ತೆರೆದಾಗ ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್), ಅದರ ಜೊತೆಗಾರ ಕಂಡೆನ್ಸರ್ ಎರಡನ್ನೂ ಕಿತ್ತು, ಅದೇ ಜಾಗದಲ್ಲಿ ಕೂರುವ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿದೆ. ಜೊತೆಗೆ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಹೊಸ ಕಾಯಿಲ್, ಹೊಸ ಪ್ಲಗ್ ವೈರ್, ಇರಿಡಿಯಂ ಪ್ಲಗ್. ಅಲ್ಲಿಂದೀಚೆಗೆ 31,000 ಕಿ.ಮೀ. ಓಡಿಸಿದ್ದೇನೆ. ಮೈಲೇಜ್ ಹೆಚ್ಚುತ್ತದೆ ಎಂದು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದದ್ದನ್ನು ನಂಬಿಯೇ ಕೊಂಡೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಕಿಟ್ ಬಂದು ತಲುಪಲು ಎರಡು ತಿಂಗಳು ತಡವಾಯಿತು. ಆ ತಡವೇ ನನಗೆ ಉಪಕಾರವಾಯಿತು. ಸುಮ್ಮನೆ ಕೂರಲಾಗದೆ, ಇದ್ದ ವ್ಯವಸ್ಥೆಯನ್ನೇ ಒಂದೊಂದಾಗಿ ಸರಿಪಡಿಸುತ್ತ, ಪ್ರತಿ ಸಲವೂ ಮೈಲೇಜ್ ಬರೆದಿಟ್ಟುಕೊಂಡೆ. ಟ್ಯಾಂಕ್ ತುಂಬಿಸಿ, ಓಡಿಸಿ, ಅದೇ ಪಂಪಿನಲ್ಲಿ ಮತ್ತೆ ತುಂಬಿಸಿ ಲೆಕ್ಕ ಹಾಕುವ ಹಳೆಯ ವಿಧಾನ. ಒಂದು ಟ್ಯಾಂಕಿನ ಲೆಕ್ಕವನ್ನು ನಂಬುವಂತಿಲ್ಲ, ಹಾಗಾಗಿ ಮೂರರ ಸರಾಸರಿ.

ಶುರುವಿನಲ್ಲಿ ಲೀಟರಿಗೆ 11.4 ಕಿ.ಮೀ. ಬರುತ್ತಿತ್ತು. ಫೀಲರ್ ಗೇಜ್ ಹಾಕಿ ನೋಡಿದರೆ, 0.4 ಮಿ.ಮೀ. ಇರಬೇಕಾದ ಪಾಯಿಂಟಿನ ಅಂತರ 0.25ಕ್ಕೆ ಇಳಿದಿತ್ತು. ಪಾಯಿಂಟಿನ ಫೈಬರ್ ಹಿಮ್ಮಡಿ ತಿರುಗುವ ಶಾಫ್ಟಿನ ಉಬ್ಬಿಗೆ, ಅಂದರೆ ಕ್ಯಾಮ್‌ಗೆ ಉಜ್ಜಿ ಉಜ್ಜಿ ಸವೆಯುತ್ತದೆ. ಸವೆದಷ್ಟೂ ಪಾಯಿಂಟ್ ತಡವಾಗಿ ತೆರೆದುಕೊಳ್ಳುತ್ತದೆ, ಕಿಡಿಯೂ ತಡವಾಗುತ್ತದೆ. ಇದು ಎಷ್ಟು ನಿಧಾನವಾಗಿ ನಡೆಯುತ್ತದೆಂದರೆ ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ, ಕಾಲು ತಾನಾಗಿ ಆಕ್ಸಿಲರೇಟರನ್ನು ಇನ್ನಷ್ಟು ಒತ್ತುತ್ತದೆ. ಹೊಸ ಪಾಯಿಂಟ್ ಹಾಕಿ ಟೈಮಿಂಗ್ (ಕಿಡಿ ಬೀಳುವ ಕ್ಷಣ) ಹೊಂದಿಸಿದ ಮೇಲೆ 12.1.

ನಂತರ ವ್ಯಾಕ್ಯೂಮ್ ಅಡ್ವಾನ್ಸ್. ಡಿಸ್ಟ್ರಿಬ್ಯೂಟರಿನ ಪಕ್ಕಕ್ಕೆ ಅಂಟಿಕೊಂಡಿರುವ ತಟ್ಟೆಯಂತಹ ಡಬ್ಬಿ. ಅದರ ಸಣ್ಣ ರಬ್ಬರ್ ಪೈಪನ್ನು ಕಾರ್ಬುರೇಟರಿನಿಂದ ಬಿಡಿಸಿ ಬಾಯಲ್ಲಿಟ್ಟು ಎಳೆದೆ. ಒಳಗಿನ ಪೊರೆ ಸರಿಯಿದ್ದರೆ ಉಸಿರು ತಡೆದು ನಿಲ್ಲಬೇಕು, ನಾಲಿಗೆ ಒತ್ತಿ ಹಿಡಿದರೆ ಪೈಪ್ ಅಂಟಿಕೊಳ್ಳಬೇಕು. ನನ್ನದರಲ್ಲಿ ಪೆಟ್ರೋಲಿನ ವಾಸನೆಯ ಗಾಳಿ ಸರಾಗವಾಗಿ ಬಂತು. ಪೊರೆ ಹರಿದಿತ್ತು. ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ ಸಮವೇಗದಲ್ಲಿ ಹೋಗುವಾಗ ಸಿಲಿಂಡರಿನ ಒಳಗೆ ಮಿಶ್ರಣ ತೆಳುವಾಗಿರುತ್ತದೆ, ನಿಧಾನವಾಗಿ ಉರಿಯುತ್ತದೆ. ಆದ್ದರಿಂದ ಕಿಡಿ ಇನ್ನಷ್ಟು ಮುಂಚೆ ಬೀಳಬೇಕು. ಆ ಕೆಲಸ ಈ ಡಬ್ಬಿಯದು. ಎಷ್ಟೋ ವರ್ಷ ಕಾರ್ಬುರೇಟರನ್ನೇ ಬಿಚ್ಚಿ ತೊಳೆಸುತ್ತಿದ್ದೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಡಬ್ಬಿ ಬದಲಿಸಿದೆ: 12.8.

ಆಮೇಲೆ ಕಿಟ್ ಬಂತು. ಕಿಟ್, ಕಾಯಿಲ್, ವೈರ್, ಪ್ಲಗ್ ಎಲ್ಲ ಸೇರಿ: 12.9. ಕಣ್ಣುಜ್ಜಿಕೊಂಡು ಎರಡು ಸಲ ಲೆಕ್ಕ ಹಾಕಿದೆ. ಆ 0.1 ಎದುರುಗಾಳಿಯ ದೆಸೆಯಿಂದಲೂ ಆಗಬಹುದಾದ ವ್ಯತ್ಯಾಸ.

ಯೋಚಿಸಿದರೆ ಆಶ್ಚರ್ಯವಿಲ್ಲ. ದೀಪ ಹಚ್ಚಲು ಒಂದು ಕಡ್ಡಿ ಸಾಕು. ಪಂಜು ಹಿಡಿದು ಹಚ್ಚಿದರೆ ದೀಪವೇನೂ ಹೆಚ್ಚು ಬೆಳಗುವುದಿಲ್ಲ. ಎಂಜಿನ್ ಮಿಸ್ ಹೊಡೆಯುತ್ತಿದ್ದರೆ ಮಾತ್ರ ಬಲವಾದ ಕಿಡಿಯಿಂದ ಲಾಭ. ಹಳೆಯ ಪ್ಲಗ್ ವೈರುಗಳಲ್ಲಿ ಅಂಥದ್ದೊಂದು ಇತ್ತೆನ್ನಿ. ವೈರ್ ಬದಲಿಸುವ ಮುನ್ನ ಒಂದು ರಾತ್ರಿ ದೀಪವಾರಿಸಿ ಬಾನೆಟ್ ಎತ್ತಿದಾಗ, ಮೂರನೆಯ ಸಿಲಿಂಡರಿನ ವೈರಿನ ಮೈಯಿಂದ ಎಂಜಿನ್ನಿನ ಕಬ್ಬಿಣಕ್ಕೆ ನೀಲಿ ಎಳೆಯೊಂದು ಚಿಟಿಚಿಟಿ ಎನ್ನುತ್ತ ಹಾರುತ್ತಿತ್ತು. ಮಳೆಗಾಲದ ಬೆಳಗಿನ ತಿಣುಕಾಟಕ್ಕೆ ಕಾರಣ ಅಲ್ಲಿತ್ತು.

ಹಾಗಾದರೆ ಕಿಟ್ ದಂಡವೇ? ನಾನು ಮೈಲೇಜ್ ಬರೆದಿಡುವ ಪುಸ್ತಕದ ಕೊನೆಯ ಪುಟ ಹಾಗೆನ್ನುವುದಿಲ್ಲ. ಮೂರು ವರ್ಷದ ನಂತರ ಇಂದಿಗೂ 12.8 ಬರುತ್ತಿದೆ. ಪಾಯಿಂಟ್ ಇದ್ದಾಗ ಪ್ರತಿ 5,000 ಕಿ.ಮೀ.ಗೆ ಅಂತರ ಹೊಂದಿಸದಿದ್ದರೆ ಮೈಲೇಜ್ ಜಾರುತ್ತಿತ್ತು, ಮತ್ತು ನಾನು ಹೊಂದಿಸುತ್ತಿರಲಿಲ್ಲ. ಈಗ ಡಿಸ್ಟ್ರಿಬ್ಯೂಟರಿನೊಳಗೆ ಕ್ಯಾಮ್‌ಗೆ ಉಜ್ಜಿ ಸವೆಯುವ ಪಾಯಿಂಟ್ ಇಲ್ಲ. ತಿರುಗುವ ಅಯಸ್ಕಾಂತದ ಉಂಗುರವನ್ನು ಸೆನ್ಸರ್ ಗುರುತಿಸುತ್ತದೆ, ಅಷ್ಟೇ. ಕಿಡಿಯ ಜೊತೆಗೇ ಮಿನುಗುವ ಸ್ಟ್ರೋಬ್ ಲೈಟ್ ಹಿಡಿದರೆ ಪುಲ್ಲಿಯ ಮೇಲಿನ ಟೈಮಿಂಗ್ ಗುರುತು ಮೊದಲ ದಿನ ಇದ್ದಲ್ಲೇ ನಿಂತಿದೆ. ಕ್ರೈಸ್ಲರ್ 1973ರಲ್ಲೇ ಅಮೆರಿಕದ ತನ್ನ ಕಾರುಗಳಿಗೆಲ್ಲ ಎಲೆಕ್ಟ್ರಾನಿಕ್ ಇಗ್ನಿಷನ್ ಕೊಟ್ಟಿತ್ತು. ನಾನು ಅರ್ಧ ಶತಮಾನ ತಡ.

ತೊಂದರೆಗಳೂ ಇವೆ. ಕಿಟ್ ಜೊತೆ ಮೊದಲು ಹಾಕಿದ ಕಾಯಿಲ್ 1.5 ಓಮ್‌ನದು, ಕಾಯಿಲಿಗೆ ಹೋಗುವ ಕರೆಂಟನ್ನು ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಇರುವ ಕಾರಿಗೆ ಸಲ್ಲುವಂಥದ್ದು. ನನ್ನ ಕಾರಿನಲ್ಲಿ ಅದಿಲ್ಲ. ಅರ್ಧ ಗಂಟೆಯಲ್ಲಿ ಮುಟ್ಟಲಾಗದಷ್ಟು ಕಾದಿತು. 3 ಓಮ್‌ನದಕ್ಕೆ ಬದಲಿಸಿದೆ. ಕಾಯಿಲ್ ಕೊಳ್ಳುವ ಮುನ್ನ ಮಲ್ಟಿಮೀಟರ್ ಹಿಡಿದು ನೋಡಿ.

ಎರಡನೆಯದು ಪೂರ್ತಿ ನನ್ನದೇ ತಪ್ಪು. ಎಂಜಿನ್ ನಿಲ್ಲಿಸಿ, ಕೀಲಿಯನ್ನು ಆನ್‌ನಲ್ಲೇ ಬಿಟ್ಟು ರೇಡಿಯೊ ಕೇಳುತ್ತ ಕುಳಿತೆ. ಇಪ್ಪತ್ತು ನಿಮಿಷದ ಬಳಿಕ ಕಿಟ್ಟಿನ ಎಲೆಕ್ಟ್ರಾನಿಕ್ ಭಾಗವಾದ ಮಾಡ್ಯೂಲ್ ಸತ್ತಿತ್ತು. ಪಾಯಿಂಟ್ ಕೆಡುವ ಮೊದಲು ವಾರಗಟ್ಟಲೆ ಗೊಣಗುತ್ತದೆ. ಇದು ಒಂದು ಮಾತೂ ಹೇಳದೆ ಹೋಯಿತು. ಡಿಕ್ಕಿಯಲ್ಲಿ ಹಳೆಯ ಪಾಯಿಂಟ್ ಪ್ಲೇಟನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ರಸ್ತೆ ಬದಿಯಲ್ಲಿ ನಲವತ್ತು ನಿಮಿಷದಲ್ಲಿ ಅದನ್ನೇ ಕೂರಿಸಿ, ಅಂದಾಜಿನ ಟೈಮಿಂಗ್‌ನಲ್ಲಿ ಮನೆ ಸೇರಿದೆ. ಹೊಸ ಮಾಡ್ಯೂಲ್ ಹಾಕಿದ ಮೇಲೂ ಆ ಗಂಟು ಡಿಕ್ಕಿಯಲ್ಲೇ ಇದೆ.

ಇರಿಡಿಯಂ ಪ್ಲಗ್ ಬಗ್ಗೆ ಹೇಳುವುದು ಕಡಿಮೆ. ಮೈಲೇಜಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ 25,000 ಕಿ.ಮೀ.ಗೆ ಬಿಚ್ಚಿ ನೋಡಿದಾಗ ಅಂತರ ಹೆಚ್ಚುಕಡಿಮೆ ಹಾಕಿದಾಗಿನಷ್ಟೇ ಇತ್ತು. ನಡುವಿನ ತಂತಿ ಸೂಜಿಯಷ್ಟು ಸಪೂರ, ಅದಕ್ಕೆ ಗೇಜ್ ತೂರಿಸಿ ಮೀಟಬೇಡಿ, ಮುರಿಯುತ್ತದೆ.

ನಿಮ್ಮ ಕಾರಿನಲ್ಲಿ ಇನ್ನೂ ಪಾಯಿಂಟ್ ಇದ್ದರೆ ಮೊದಲು ಆ ರಬ್ಬರ್ ಪೈಪನ್ನು ಬಾಯಲ್ಲಿಟ್ಟು ಎಳೆಯಿರಿ. ಖರ್ಚಿಲ್ಲ, ರುಚಿ ಮಾತ್ರ ಕೆಟ್ಟದು. ನನಗೀಗ ಡಿಸ್ಟ್ರಿಬ್ಯೂಟರ್ ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ತುಸು ಆಟ ಕಾಣುತ್ತಿದೆ. ಬರುವ ತಿಂಗಳು ಬುಷ್ ಬದಲಿಸಬೇಕು.