ನೋಟ ಚೆನ್ನ, ಬಳಕೆ ಕಷ್ಟ: ತರಕಾರಿ ಆ್ಯಪ್ ಒಂದರ ವಿಮರ್ಶೆ

ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆಯ ಮನೆಗಳಿಗೆ ಹಣ್ಣು, ತರಕಾರಿ ತಲುಪಿಸುವ ಸ್ಥಳೀಯ ಸೇವೆಯೊಂದರ ಆ್ಯಪ್‌ನಲ್ಲಿ ಯೂಸರ್ ಇಂಟರ್‌ಫೇಸ್ (ಪರದೆಯ ಮೇಲೆ ಕಾಣುವ ಅಕ್ಷರ, ಬಟನ್, ಬಣ್ಣಗಳ ವಿನ್ಯಾಸ) ನಿಜಕ್ಕೂ ಮೆಚ್ಚುವಂತಿದೆ. ಕನ್ನಡದ ಅಕ್ಷರಗಳು ದೊಡ್ಡದಾಗಿವೆ, ಬಟನ್‌ಗಳು ಹೆಬ್ಬೆರಳಿಗೆ ಸಲೀಸಾಗಿ ಸಿಗುತ್ತವೆ. ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಬಣ್ಣದ ವ್ಯತ್ಯಾಸ ಬಿಸಿಲಿನಲ್ಲಿ ನಿಂತು ಓದುವವರಿಗೂ ಸಾಲುವಷ್ಟಿದೆ.

ಆದರೆ ಯೂಸರ್ ಎಕ್ಸ್‌ಪೀರಿಯನ್ಸ್ (ಬಳಸುವವರಿಗೆ ಆಗುವ ಒಟ್ಟು ಅನುಭವ) ಪರದೆಯಲ್ಲೇ ಮುಗಿಯುವುದಿಲ್ಲ. 1990ರ ದಶಕದಲ್ಲಿ ಆಪಲ್ ಸಂಸ್ಥೆಯಲ್ಲಿದ್ದಾಗ ಈ ಹೆಸರನ್ನು ಬಳಕೆಗೆ ತಂದ ವಿನ್ಯಾಸ ತಜ್ಞ ಡಾನ್ ನಾರ್ಮನ್, ವಸ್ತುವಿನ ರೂಪದಿಂದ ಹಿಡಿದು ಅದರ ಕೈಪಿಡಿಯವರೆಗೆ ಬಳಸುವವರು ಎದುರಿಸುವ ಎಲ್ಲವನ್ನೂ ಅದರಲ್ಲಿ ಸೇರಿಸಿದ್ದರು. ಇಂಟರ್‌ಫೇಸ್ ಅದರ ಒಂದು ಭಾಗ ಮಾತ್ರ. ಆ ಅಳತೆಯಲ್ಲಿ ಈ ಸೇವೆ ಹಿಂದೆ ಬೀಳುತ್ತದೆ. ನಂಜನಗೂಡು ರಸಬಾಳೆಗೆ ಹಣ ಕಟ್ಟಿದ ಮೇಲೆ ಅದು ದಾಸ್ತಾನಿನಲ್ಲಿ ಇಲ್ಲದಿದ್ದರೆ, ನಮ್ಮನ್ನು ಒಂದು ಮಾತೂ ಕೇಳದೆ ಪಚ್ಚಬಾಳೆ ಕಳುಹಿಸುತ್ತಾರೆ. ದೂರಿನ ಬಟನ್ ಅಂದವಾಗಿಯೇ ಇದೆ, ಒತ್ತಿದರೆ ಸಿಗುವುದು ಮಾತ್ರ ಯಾರೂ ಎತ್ತದ ಫೋನ್ ನಂಬರ್. ಒಂಟಿಯಾಗಿರುವ ಹಿರಿಯರು ಇಂಥ ಸೇವೆಯನ್ನೇ ನೆಚ್ಚಿಕೊಂಡಿರುವುದರಿಂದ ಇದು ನನಗೆ ಸಣ್ಣ ಕೊರತೆಯಾಗಿ ಕಾಣುವುದಿಲ್ಲ.

ಬಣ್ಣ, ಚಿತ್ರಗಳನ್ನು ಮುಟ್ಟುವ ಅಗತ್ಯವಿಲ್ಲ. ಕೇಳಿದ ಪದಾರ್ಥ ಸಿಗದಿದ್ದರೆ ಬದಲಿ ಬೇಕೋ, ಹಣ ವಾಪಸು ಬೇಕೋ ಎಂದು ಪಾವತಿಗೆ ಮೊದಲೇ ಕೇಳುವ ವ್ಯವಸ್ಥೆಯನ್ನು ಅವರು ತಂದರೆ, ನೆರೆಹೊರೆಯವರಿಗೆ ಈ ಆ್ಯಪ್ ಅನ್ನು ಧೈರ್ಯವಾಗಿ ಹೇಳುತ್ತೇನೆ.