ತಳಿ ನೋಂದಣಿ ಮಾಡಿಸಿಕೊಡ್ತೀನಿ ಅಂತ ಬಂದವರ ಕೈಗೆ ಬೀಜ ಕೊಡಬೇಡಿ

ನಮ್ಮದು ಹರಿಹರ ತಾಲ್ಲೂಕು, ಭದ್ರಾ ಕಾಲುವೆಯ ಕೊನೇ ಭಾಗ. ಅಂಗಡಿ ಗೊಬ್ಬರ ಬಿಟ್ಟು ಸಾವಯವದಲ್ಲಿ ಭತ್ತ ಬೆಳೆಯಲು ಶುರು ಮಾಡಿ 11 ವರ್ಷ ಆಯಿತು. ಆಗ ಗದ್ದೆಯಲ್ಲಿ ಭತ್ತದ ಕೆಲವು ಬುಡಗಳು ಕಳೆಯನ್ನು ಮೀರಿ ಎದ್ದು ನಿಂತಿದ್ದವು. ಬೆಂಕಿ ರೋಗವೂ ಕಡಿಮೆ. ಅವುಗಳ ತೆನೆಯನ್ನೇ ಆರಿಸಿ ಬಿತ್ತುತ್ತಾ, ಬೆರಕೆ ಕೀಳುತ್ತಾ ಬಂದೆ. ಎಂಟು ಬೆಳೆ ಕಳೆದ ಮೇಲೆ ಗದ್ದೆಯೆಲ್ಲ ಒಂದೇ ಥರ ಬರತೊಡಗಿತು. ಹುಲ್ಲೂ ಜಾಸ್ತಿ, ದನಕ್ಕೂ ಆಯಿತು.

ಎರಡು ವರ್ಷದ ಹಿಂದೆ ದಾವಣಗೆರೆಯಿಂದ ಒಬ್ಬರು ಬಂದರು. "ನಿಮ್ಮ ಹೆಸರಲ್ಲಿ ಈ ತಳಿ ರಿಜಿಸ್ಟರ್ ಮಾಡಿಸ್ತೀನಿ, ಟ್ರಯಲ್ಲೂ ನಂದೇ" ಅಂದರು. ಮೂರು ಕಂತಲ್ಲಿ 28,000 ರೂಪಾಯಿ, 10 ಕೆ.ಜಿ. ಬೀಜ, ಖಾಲಿ ಹಾಳೆಗೆ ಎರಡು ಸಹಿ. ಎಲ್ಲಾ ಕೊಟ್ಟೆ. ರಸೀದಿ ಕೇಳಲಿಲ್ಲ.

ಅವರ ಟ್ರಯಲ್ ನೋಡಲು ಹೋದ ದಿನ ನನಗೆ ಅಳು ಬಂತು. ಬಾಡಿಗೆ ಗದ್ದೆಗೆ ಯೂರಿಯಾ ಎರಚಿದ್ದರು. ಹೊಂಗೆ ಸೊಪ್ಪು, ಕೊಟ್ಟಿಗೆ ಗೊಬ್ಬರದಲ್ಲಿ ನೆಟ್ಟಗೆ ನಿಲ್ಲುವ ಬೆಳೆ ಅದು. ಯೂರಿಯಾ ಬಿದ್ದು ಮೆತ್ತಗೆ ಉದ್ದಕ್ಕೆ ಏರಿ, ಕಾಳು ಕಟ್ಟುವ ಹೊತ್ತಿಗೆ ಚಾಪೆ ಹಾಸಿದ ಹಾಗೆ ಮಲಗಿತ್ತು. "ನಿಮ್ಮ ತಳಿ ಫೇಲ್" ಅಂದರು. ಸಾವಯವಕ್ಕೆ ಅಂತ ಆರಿಸಿದ ತಳಿಯನ್ನು ಸಾವಯವ ಗದ್ದೆಯಲ್ಲೇ ನೋಡಬೇಕು, ಅಲ್ವಾ? ಅದು ಅವರಿಗೆ ಬೇಕೇ ಇರಲಿಲ್ಲ. ಆಮೇಲೆ ಫೋನ್ ಎತ್ತಲಿಲ್ಲ.

ರೈತ ಸಂಪರ್ಕ ಕೇಂದ್ರದ ಅಧಿಕಾರಿ ಕೇಳಿಸಿಕೊಂಡು, "ಯಜಮಾನ್ರೇ, ರೈತರಿಗೆ ಇದಕ್ಕೆ ಫೀಸೇ ಇಲ್ಲವಲ್ಲ" ಅಂದರು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 44ನೇ ಕಲಂ ಅದನ್ನೇ ಹೇಳುತ್ತದೆ. ಅರ್ಜಿ ಹೋಗುವುದು ಆ ಕಾಯ್ದೆಯಡಿ ದೆಹಲಿಯಲ್ಲಿರುವ ಪ್ರಾಧಿಕಾರಕ್ಕೆ. ಅದಕ್ಕೆ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಅಥವಾ ಜಿಲ್ಲಾ ಕೃಷಿ ಅಧಿಕಾರಿಯಂಥವರ ದೃಢೀಕರಣ ಸಾಕು. ನನ್ನ ಹೆಸರಲ್ಲಿ ಅರ್ಜಿಯೇ ಹೋಗಿರಲಿಲ್ಲ.

ಇನ್ನೊಂದು ವಿಷಯ ನನಗೆ ಆಗ ಗೊತ್ತೇ ಇರಲಿಲ್ಲ. ನೋಂದಣಿಗೆ ಮಾಡುವ ಪರೀಕ್ಷೆ ಇಳುವರಿಯದ್ದಲ್ಲ. ತಳಿ ಬೇರೆಯವಕ್ಕಿಂತ ಭಿನ್ನವೇ, ಗಿಡಗಳೆಲ್ಲ ಒಂದೇ ಥರ ಇವೆಯೇ, ವರ್ಷ ವರ್ಷವೂ ಹಾಗೇ ಬರುತ್ತದೆಯೇ ಅಂತ ನೋಡುತ್ತಾರೆ. ರೈತರ ತಳಿಗೆ ಬೆರಕೆ ಗಿಡಗಳ ಮಿತಿಯೂ ಸಡಿಲ, ಉಳಿದವಕ್ಕಿಂತ ಎರಡರಷ್ಟು. ಎಷ್ಟು ಕ್ವಿಂಟಲ್ ಬಂತು ಅಂತ ಹೇಳಿ ಫೇಲ್ ಮಾಡಲು ಅಲ್ಲಿ ಜಾಗವೇ ಇಲ್ಲ. ಇಷ್ಟು ಗೊತ್ತಿದ್ದಿದ್ದರೆ ಆ ಗದ್ದೆ ಬದುವಿನಲ್ಲೇ ಅವರಿಗೆ ಉತ್ತರ ಕೊಡುತ್ತಿದ್ದೆ.

ಇಷ್ಟರ ನಡುವೆ ಮನೆಯಲ್ಲಿದ್ದ ಬೀಜಕ್ಕೆ ಹುಳ ಬಿದ್ದಿತ್ತು. ಪುಣ್ಯಕ್ಕೆ ಹಿಂದಿನ ವರ್ಷ ಪಕ್ಕದ ಊರಿನ ದಾಯಾದಿ ಅಣ್ಣನಿಗೆ ಸ್ವಲ್ಪ ಕೊಟ್ಟಿದ್ದೆ. ಹಾಗೆ ಬೀಜ ಕೊಡು-ಕೊಳ್ಳುವುದು, ಬ್ರಾಂಡ್ ಹಾಕದೆ ಮಾರುವುದು ಅದೇ ಕಾಯ್ದೆಯಲ್ಲಿ ನಮ್ಮ ಹಕ್ಕು. ಅವನಿಂದ 2 ಕೆ.ಜಿ. ವಾಪಸ್ ತಂದೆ.

ನಿಮ್ಮೂರಿಗೂ ಇಂಥವರು ಬಂದರೆ ಖಾಲಿ ಹಾಳೆಗೆ ಸಹಿ ಬೇಡ. ಬೀಜ ಪೂರ್ತಿ ಕೊಡಲೇಬೇಡಿ, ಎರಡು ಮನೆಯಲ್ಲಿ ಇರಲಿ. ಹೂ ಬಿಟ್ಟಾಗ, ತೆನೆ ಬಂದಾಗ ಫೋಟೊ ತೆಗೆದು ದಿನಾಂಕ ಬರೆದಿಡಿ. ಮೊದಲು ಕೃಷಿ ಇಲಾಖೆಗೋ ಕೃಷಿ ವಿಜ್ಞಾನ ಕೇಂದ್ರಕ್ಕೋ ನೀವೇ ಹೋಗಿ. ನಾನು ಈ ಸಲ ಐದು ಗುಂಟೆಗೆ ನಾಟಿ ಮಾಡಿದ್ದೇನೆ, ಅರ್ಜಿ ನಾನೇ ಬರೆಯುತ್ತಿದ್ದೇನೆ.