ಟ್ರೇಡಿಂಗ್ ಬಿಟ್ಟು ರಿಸರ್ಚ್‌ಗೆ ಹೊರಟವರಿಗೆ ಸಿಎಫ್‌ಎ ಎಷ್ಟು ಉಪಯೋಗ?

ಮೊದಲೇ ತೀರ್ಪು ಹೇಳಿಬಿಡ್ತೀನಿ. ಟ್ರೇಡಿಂಗ್ ಕೆಲಸದಿಂದ ಇನ್ವೆಸ್ಟ್‌ಮೆಂಟ್ ರಿಸರ್ಚ್‌ಗೆ, ಅಂದರೆ ಕಂಪನಿಗಳನ್ನು ಓದಿ ಷೇರು ಕೊಳ್ಳಬೇಕೋ ಬೇಡವೋ ಹೇಳೋ ಕೆಲಸಕ್ಕೆ, ಬರಬೇಕು ಅನ್ನೋರಿಗೆ ಸಿಎಫ್‌ಎ (ಚಾರ್ಟರ್ಡ್ ಫೈನಾನ್ಷಿಯಲ್ ಅನಲಿಸ್ಟ್) ಒಳ್ಳೆಯ ಕೋರ್ಸೇ. ಆದರೆ ಅದರ ಮೂರು ಹಂತದ ಪರೀಕ್ಷೆಗೂ ಒಂದೇ ತೂಕ ಇಲ್ಲ. ನಮ್ಮಂಥವರಿಗೆ ಅದರ ಸತ್ವ ಇರೋದು ಎರಡನೇ ಹಂತದಲ್ಲಿ, ಅದರಲ್ಲೂ ಅಕೌಂಟಿಂಗ್ ಮತ್ತು ಈಕ್ವಿಟಿ ಭಾಗದಲ್ಲಿ.

ನಾನು ಷೇರು ಡೆಸ್ಕ್‌ನಲ್ಲಿ, ಅಂದರೆ ಷೇರು ಕೊಂಡು ಮಾರೋ ವಿಭಾಗದಲ್ಲಿ ಇದ್ದವನು. ಕಂಪನಿ ಏನು ತಯಾರಿಸುತ್ತೆ ಅಂತ ಗೊತ್ತಿಲ್ಲದಿದ್ದರೂ ಅದರ ಷೇರು ಹೇಗೆ ಓಪನ್ ಆಗುತ್ತೆ, ದೊಡ್ಡ ಆರ್ಡರ್ ಬಿದ್ದರೆ ಬಿಡ್ಡು-ಆಫರ್ (ಕೊಳ್ಳೋರು ಮತ್ತು ಮಾರೋರು ಹೇಳೋ ಬೆಲೆ) ನಡುವಿನ ಅಂತರ ಎಷ್ಟು ಹಿಗ್ಗುತ್ತೆ ಅನ್ನೋದು ಬೆರಳ ತುದಿಯಲ್ಲೇ ಇರ್ತಿತ್ತು. ಮಾರ್ಕೆಟ್ ಮುಚ್ಚಿದ ಮೇಲೆ ಪಿ ಆಂಡ್ ಎಲ್ (ಲಾಭ-ನಷ್ಟ) ನೋಡಿದರೆ ಆ ದಿನದ ಲೆಕ್ಕ ಚುಕ್ತಾ. ರಿಸರ್ಚ್‌ನಲ್ಲಿ ಹಾಗಲ್ಲ, ಇವತ್ತು ಬರೆದದ್ದು ಸರಿಯೋ ತಪ್ಪೋ ಗೊತ್ತಾಗೋಕೆ ವರ್ಷಗಳೇ ಹಿಡಿಯಬಹುದು.

ಮೊದಲ ಹಂತದ ಬಗ್ಗೆ ಹೆಚ್ಚು ಹೇಳೋದಿಲ್ಲ. 180 ಪ್ರಶ್ನೆ, ಎರಡೂಕಾಲು ಗಂಟೆಯ ಎರಡು ಸೆಷನ್, ಪ್ರತಿ ಪ್ರಶ್ನೆಗೆ ಮೂರು ಆಯ್ಕೆ. ಅಂದರೆ ಪ್ರಶ್ನೆಗೆ ಒಂದೂವರೆ ನಿಮಿಷ. ಡೆಸ್ಕ್‌ನಲ್ಲಿ ಪಳಗಿದವರಿಗೆ ಈ ವೇಗ ಏನೂ ಅಲ್ಲ. ಒಂದು ಹಂತಕ್ಕೆ ಸುಮಾರು 300 ಗಂಟೆ ಓದು ಬೇಕು ಅಂತ ಕೋರ್ಸ್ ನಡೆಸೋ ಸಂಸ್ಥೆಯೇ ಹೇಳುತ್ತೆ. ಅದರಲ್ಲಿ ಡೆರಿವೇಟಿವ್ಸ್‌ಗೆ (ಫ್ಯೂಚರ್ಸ್, ಆಪ್ಷನ್ಸ್ ಥರದವಕ್ಕೆ) ಹೋಗಬೇಕಾದ ಸಮಯ ನಿಮಗೆ ಉಳಿಯುತ್ತೆ, ಹಾಗೆ ಉಳಿದ ಸಮಯವನ್ನೆಲ್ಲ ಅಕೌಂಟಿಂಗ್‌ಗೆ ಸುರೀರಿ.

ಯಾಕೆ ಅಂತ ಒಂದು ಉದಾಹರಣೆ ಕೊಡ್ತೀನಿ. ಮಳಿಗೆಗಳನ್ನು ಲೀಸ್‌ಗೆ ಹಿಡಿದು ವ್ಯಾಪಾರ ಮಾಡೋ ಎರಡು ರಿಟೇಲ್ ಕಂಪನಿಗಳಿವೆ ಅಂದುಕೊಳ್ಳಿ. ವಹಿವಾಟು ಅಷ್ಟೇ, ಬಾಡಿಗೆನೂ ಅಷ್ಟೇ. ಒಂದು ಐಎಫ್‌ಆರ್‌ಎಸ್ ಅನ್ನೋ ಅಂತರರಾಷ್ಟ್ರೀಯ ಅಕೌಂಟಿಂಗ್ ನಿಯಮಗಳ ಪ್ರಕಾರ ಲೆಕ್ಕ ಬರೆಯುತ್ತೆ, ಇನ್ನೊಂದು ಗ್ಯಾಪ್ ಅನ್ನೋ ಅಮೆರಿಕದ ನಿಯಮಗಳ ಪ್ರಕಾರ. 2019ರಲ್ಲಿ ಜಾರಿಗೆ ಬಂದ ಲೀಸ್ ನಿಯಮ ಐಎಫ್‌ಆರ್‌ಎಸ್ 16ರಲ್ಲಿ ಆ ಬಾಡಿಗೆ ಸವಕಳಿ ಮತ್ತು ಬಡ್ಡಿ ಅಂತ ಎರಡು ಪಾಲಾಗುತ್ತೆ. ಇವೆರಡನ್ನೂ ಕಳೆಯೋ ಮುಂಚಿನ ಲಾಭವೇ ಇಬಿಟ್ಡಾ ಆದ್ದರಿಂದ ಅದು ಉಬ್ಬಿ ಕಾಣುತ್ತೆ. ಗ್ಯಾಪ್‌ನಲ್ಲಿ ಅದು ಆಪರೇಟಿಂಗ್ ಲೀಸ್ (ಬರೀ ಬಳಕೆಗೆ ಹಿಡಿದ ಬಾಡಿಗೆ ಕರಾರು) ಆದರೆ ಪೂರ್ತಿ ಬಾಡಿಗೆ ನಿರ್ವಹಣಾ ಖರ್ಚಾಗಿಯೇ ಉಳಿಯುತ್ತೆ. ಕೈಯಿಂದ ಹೋಗೋ ದುಡ್ಡಿನಲ್ಲಿ ಒಂದು ಕಾಸಿನ ವ್ಯತ್ಯಾಸ ಇಲ್ಲ. ಆದರೂ ಲೀಸ್ ಬಾಧ್ಯತೆಯನ್ನು ಸಾಲಕ್ಕೆ ಸೇರಿಸದೆ ಮಲ್ಟಿಪಲ್ (ಸಾಲವೂ ಸೇರಿದ ಕಂಪನಿಯ ಬೆಲೆ ಇಬಿಟ್ಡಾದ ಎಷ್ಟು ಪಟ್ಟು ಅನ್ನೋದು) ಲೆಕ್ಕ ಹಾಕಿದರೆ ಮೊದಲ ಕಂಪನಿ ಅಗ್ಗ, ಎರಡನೆಯದು ದುಬಾರಿ. ಡೆಸ್ಕ್‌ನಲ್ಲಿ ಸ್ಕ್ರೀನ್ ಮೇಲೆ ಬಂದ ಮಲ್ಟಿಪಲ್ಲನ್ನು ಯಾರೂ ಪ್ರಶ್ನೆ ಮಾಡಲ್ಲ, ಮಾಡೋಕೆ ಪುರುಸೊತ್ತೂ ಇರಲ್ಲ. ಅದನ್ನು ಬಿಚ್ಚಿ ನೋಡೋದೇ ರಿಸರ್ಚ್‌ನವರ ಹೊಟ್ಟೆಪಾಡು.

ಎರಡನೇ ಹಂತ ಕಲಿಸೋದು ಇದನ್ನೇ. ಅಲ್ಲಿರೋದು 88 ಪ್ರಶ್ನೆ, ಬಿಡಿಬಿಡಿಯಾಗಿ ಅಲ್ಲ. ಮೊದಲು ಒಂದು ಪ್ರಕರಣ ಓದಬೇಕು, ಕೋಷ್ಟಕ ನೋಡಬೇಕು, ಆಮೇಲೆ ಅದರ ಮೇಲೆ ನಾಲ್ಕು ಪ್ರಶ್ನೆ. ಮಾರಾಟ ಏರಿದೆ, ಲಾಭ ಏರಿದೆ, ಆದರೆ ಬರಬೇಕಾದ ಬಾಕಿ ಮಾರಾಟಕ್ಕಿಂತ ಜೋರಾಗಿ ಬೆಳೆದಿದೆ, ಕಾರ್ಯಾಚರಣೆಯ ನಗದು ಹಿಂದೆ ಬಿದ್ದಿದೆ ಅನ್ನೋ ಥರದ ಕಥೆಗಳು. ಇಂಥವನ್ನು ಮಾಡ್ತಾ ಮಾಡ್ತಾ ವಾರ್ಷಿಕ ವರದಿ ಕೈಗೆ ಬಂದರೆ ಮೊದಲು ನಗದು ಹರಿವಿನ ಪುಟಕ್ಕೆ, ಅಲ್ಲಿಂದ ಟಿಪ್ಪಣಿಗಳಿಗೆ ಹೋಗೋ ಚಟ ಅಂಟಿಕೊಳ್ಳುತ್ತೆ. ಅಧ್ಯಕ್ಷರ ಪತ್ರ ಕೊನೆಗೆ, ಕಾಫಿ ಜೊತೆಗೆ.

ನೀತಿಸಂಹಿತೆಯ ಭಾಗವನ್ನು ಬಾಯಿಪಾಠ ಮಾಡಿ ದಾಟೋರೇ ಹೆಚ್ಚು. ಟ್ರೇಡರ್‌ಗಳು ಹಾಗೆ ಮಾಡಬಾರದು. ಡೆಸ್ಕ್‌ನಲ್ಲಿ ಸುದ್ದಿ, ಗಾಳಿಸುದ್ದಿ, ಊಹೆ ಎಲ್ಲ ಒಂದೇ ಉಸಿರಲ್ಲಿ ಹರಿದಾಡುತ್ತೆ. ವರದಿಯಲ್ಲಿ ಮಾತ್ರ ಯಾವುದು ಸಂಗತಿ, ಯಾವುದು ನಿಮ್ಮ ಅಭಿಪ್ರಾಯ ಅಂತ ಬೇರೆ ಬೇರೆ ಕಾಣಿಸಲೇಬೇಕು. ಇದಕ್ಕೆಲ್ಲ ಇಷ್ಟು ಒತ್ತು ಯಾಕೆ ಅಂತ ಅನುಮಾನ ಇದ್ದರೆ ಇಂಟರ್ನೆಟ್ ಕಂಪನಿಗಳ ಷೇರು ಉಬ್ಬಿ ಒಡೆದ ಡಾಟ್‌ಕಾಮ್ ಕಾಲ ನೆನೆಸಿಕೊಳ್ಳಿ. ರಿಸರ್ಚ್‌ನವರಿಂದ ಹೊರಗೆ ‘ಬೈ’ (ಕೊಳ್ಳಿ) ರೇಟಿಂಗ್, ಒಳಗಿನ ಇಮೇಲ್‌ನಲ್ಲಿ ಅದೇ ಷೇರಿಗೆ ಬೈಗುಳ. ಕೊನೆಗೆ 2003ರಲ್ಲಿ ಅಮೆರಿಕದಲ್ಲಿ ಹತ್ತು ದೊಡ್ಡ ಸಂಸ್ಥೆಗಳು ಸುಮಾರು 140 ಕೋಟಿ ಡಾಲರ್ ತೆತ್ತು, ರಿಸರ್ಚನ್ನು ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್‌ನಿಂದ ದೂರ ಇಡೋಕೆ ಒಪ್ಪಿಕೊಂಡವು.

ಇನ್ನು ಕೊರತೆ. ಕೆಲಸದಲ್ಲಿ ಯಾರೂ ನಿಮ್ಮ ಮುಂದೆ ಮೂರು ಆಯ್ಕೆ ಇಡಲ್ಲ, ಖಾಲಿ ಎಕ್ಸೆಲ್ ಶೀಟ್ ಇಡ್ತಾರೆ. 2024ರಿಂದ ಪ್ರಾಕ್ಟಿಕಲ್ ಸ್ಕಿಲ್ಸ್ ಮಾಡ್ಯೂಲ್ ಅಂತ ಸೇರಿಸಿದ್ದಾರೆ, ಫೈನಾನ್ಷಿಯಲ್ ಮಾಡೆಲಿಂಗ್, ಪೈಥಾನ್ ಥರದವು. ಒಳ್ಳೇದೇ, ಆದರೆ ಅದು ಪರಿಚಯದ ಮಟ್ಟಕ್ಕೆ. ಮಾಡೆಲ್ ಕಟ್ಟೋ ಕೈ ಪಳಗೋದು ನೀವೇ ಒಂದು ಕಂಪನಿ ಆರಿಸಿಕೊಂಡು ಮೊದಲಿಂದ ಕಟ್ಟಿದಾಗ. ಬರವಣಿಗೆಯೂ ಅಷ್ಟೇ.

ಪರೀಕ್ಷೆಯ ವ್ಯಾಪ್ತಿಗೇ ಬಾರದ ಇನ್ನೊಂದು ವಿಷಯ ಇಂಟರ್‌ವ್ಯೂನಲ್ಲಿ ಎದುರಾಯ್ತು. ನಾನೊಂದು ಷೇರು ಪಿಚ್ ಮಾಡಿದೆ, ಅಂದರೆ ಅದನ್ನು ಯಾಕೆ ಕೊಳ್ಳಬೇಕು ಅಂತ ವಾದ ಮುಂದಿಟ್ಟೆ. ಅವರು ಪೂರ್ತಿ ಕೇಳಿಸಿಕೊಂಡು, “ಸರಿ, ತಗೊಂಡ ಮೇಲೆ ಇಪ್ಪತ್ತು ಪರ್ಸೆಂಟ್ ಬಿತ್ತು. ಏನ್ಮಾಡ್ತೀರಿ?” ಅಂದರು.

ಟ್ರೇಡರ್‌ಗೆ ಉತ್ತರ ನಾಲಿಗೆ ಮೇಲೇ ಇರುತ್ತೆ: ಸ್ಟಾಪ್ ಲಾಸ್ (ಇಷ್ಟು ಬಿದ್ದರೆ ಮಾರೋದು ಅಂತ ಮೊದಲೇ ಇಟ್ಟ ಬೆಲೆ) ಹೊಡೀತು, ಹೊರಗೆ ಬಂದೆ. ನಾನು ಆ ಉತ್ತರ ಕೊಡಲಿಲ್ಲ. ಬೀಳೋ ಮುಂಚೆಯೇ ಬರೆದಿಟ್ಟುಕೊಂಡ ಮೂರು ಅಂಶಗಳಲ್ಲಿ ಯಾವುದಾದರೂ ಮುರಿದಿದೆಯಾ ನೋಡ್ತೀನಿ, ಮುರಿದಿದ್ದರೆ ಬೆಲೆ ಎಷ್ಟೇ ಇರಲಿ ಮಾರು ಅಂತ ಹೇಳ್ತೀನಿ, ಮುರಿದಿಲ್ಲ ಅಂದರೆ ಷೇರು ಅಗ್ಗ ಆಗಿದೆ ಅಷ್ಟೇ ಅಂದೆ. “ಯಾವ ಮೂರು ಅಂಶ?” ಅಂತ ಕೇಳಿದರು. ಅಲ್ಲಿಂದ ಮಾತೆಲ್ಲ ಬರೀ ಆ ಮೂರರ ಮೇಲೆ. ಸಿಎಫ್‌ಎಯಲ್ಲಿ ಎಲ್ಲಿವರೆಗೆ ಬಂದಿದ್ದೀರಿ ಅಂತ ಒಂದೇ ಸಲ ಕೇಳಿದ್ದು, ಅದೂ ಏಳೋ ಹೊತ್ತಿಗೆ.

ಮೂರನೇ ಹಂತದಲ್ಲಿ ಬರೆದು ಉತ್ತರಿಸೋ ಪ್ರಶ್ನೆಗಳಿವೆ, ಒತ್ತು ಪೋರ್ಟ್‌ಫೋಲಿಯೋ ಕಡೆಗೆ. ಅಲ್ಲಿ ಟ್ರೇಡರ್‌ಗೆ ಹಳೇ ನೆಂಟ ಸಿಕ್ಕ ಹಾಗೆ ಒಂದು ಪಾಠ ಸಿಗುತ್ತೆ, ಇಂಪ್ಲಿಮೆಂಟೇಷನ್ ಶಾರ್ಟ್‌ಫಾಲ್. ಕಾಗದದ ಮೇಲಿನ ಲಾಭಕ್ಕೂ ಆರ್ಡರ್ ಹಾಕಿ ಮುಗಿಸಿದ ಮೇಲೆ ಕೈಗೆ ಬರೋ ಲಾಭಕ್ಕೂ ಇರೋ ಅಂತರ. ಹಾರ್ವರ್ಡ್‌ನ ಪ್ರೊಫೆಸರ್ ಆಂಡ್ರೆ ಪೆರೋಲ್ಡ್ 1988ರಲ್ಲಿ ಬರೆದ ಲೇಖನದಿಂದ ಬಂದದ್ದು. ರಿಸರ್ಚ್ ತಂಡದಲ್ಲಿ ನಿಮ್ಮ ಹಳೇ ಅನುಭವಕ್ಕೆ ಬೆಲೆ ಬರೋದು ಇಂಥ ಕಡೆಯೇ. ಐಡಿಯಾ ಚೆನ್ನಾಗಿದೆ, ಆದರೆ ದಿನಕ್ಕೆ ಕೈ ಬದಲಾಗೋ ಷೇರು ಇಷ್ಟೇ, ಹೊರಗೆ ಬರೋಕೆ ವಾರಗಟ್ಟಲೆ ಬೇಕು ಅಂತ ಹೇಳಬಲ್ಲವರು ಅಲ್ಲಿ ಕಮ್ಮಿ.

ಹಾಗಂತ ಮೂರೂ ಮುಗಿಸಿಯೇ ಕೆಲಸ ಹುಡುಕ್ತೀನಿ ಅಂತ ಕೂರಬೇಡಿ. ಮೂರೂ ಪಾಸಾದರೂ ಹೆಸರಿನ ಜೊತೆ ಸಿಎಫ್‌ಎ ಅನ್ನೋ ಅಕ್ಷರಗಳನ್ನು ಹಾಕಿಕೊಳ್ಳೋಕೆ ಕನಿಷ್ಠ 36 ತಿಂಗಳಲ್ಲಿ 4,000 ಗಂಟೆಗಳ ಸಂಬಂಧಪಟ್ಟ ಅನುಭವ ಬೇಕೇ ಬೇಕು. ಎರಡನೇ ಹಂತ ಮುಗಿದ ಕೂಡಲೇ ಅರ್ಜಿ ಹಾಕೋಕೆ ಶುರು ಮಾಡಿ. ಜೊತೆಗೆ ಸ್ವಂತವಾಗಿ ಕಟ್ಟಿದ ಒಂದು ಮಾಡೆಲ್, ನಾಲ್ಕು ಪುಟ ಮೀರದ ಒಂದು ವರದಿ ಲಗತ್ತಿಸಿ. ಮೂರನೆಯದನ್ನು ಕೆಲಸಕ್ಕೆ ಸೇರಿದ ಮೇಲೂ ಬರೆಯಬಹುದು.